ಸೈರನ್‌ಗೆ ಎದ್ದು ಬಂದವಳು

ನಾನು ನಿಂತಿದ್ದದ್ದು ಆಡಳಿತ ಕಟ್ಟಡದ ಕೆಳಗಿನ ಸಭಾ ಕೋಣೆಯಲ್ಲಿ, ಬಾಗಿಲಿನ ಒಳಗೆ, ಎಡಗಡೆ, ನೀರಿನ ಕ್ಯಾನಿನ ಪಕ್ಕ. ಅಮೆರಿಕದಲ್ಲಿ ಹೊಸ ಸರ್ಕಾರ ಬಂದ ವರ್ಷದ ಬೇಸಿಗೆ. ಬೆಳಗಿನ ಪಾಳಿಯವರ ಚಹಾ ಮುಗಿದಿತ್ತು, ಊಟದ ಗಂಟೆ ಇನ್ನೂ ಆಗಿರಲಿಲ್ಲ. ಕೋಣೆಯಲ್ಲಿ ಖಾಲಿ ಕುರ್ಚಿಗಳಿದ್ದವು. ಕೂರು ಎಂದು ಯಾರೂ ಹೇಳದ ಕಾರಣ ನಿಂತೇ ಇದ್ದೆ. ಇದನ್ನೆಲ್ಲ ಮೊದಲೇ ಬರೆದಿಡುವುದಕ್ಕೆ ಕಾರಣವಿದೆ. ಆ ದಿನದ ಕಥೆ ಈಗ ಪಟಾನ್‌ಚೆರುವಿನ ಕಾರ್ಖಾನೆಗಳಲ್ಲಿ ಒಂದೊಂದು ಕಡೆ ಒಂದೊಂದು ರೀತಿ ಓಡಾಡುತ್ತಿದೆ. ಬೆಂಕಿ ಬಿದ್ದಿತ್ತು ಎನ್ನುವವರಿದ್ದಾರೆ, ಬಿದ್ದಿರಲಿಲ್ಲ. ಹುಡುಗಿ ಕಿವುಡಿಯಂತೆ ನಟಿಸುತ್ತಿದ್ದಳು ಎನ್ನುವವರಿದ್ದಾರೆ. ಆಕೆಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ನಾನು ಕಂಡಷ್ಟನ್ನು ಮಾತ್ರ ಬರೆಯುತ್ತೇನೆ.

ನಾನು ಬೀದರ್ ಜಿಲ್ಲೆಯವನು. ಮನೆ ಮಿಯಾಪುರದಲ್ಲಿ, ಕೆಲಸ ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ, ಪಾಳಿ ಮೇಲ್ವಿಚಾರಕನಾಗಿ. ಮಾತ್ರೆಗಳನ್ನು ಪ್ಲಾಸ್ಟಿಕ್ ಹಾಳೆಯ ಗುಳಿಗಳಲ್ಲಿ ಕೂರಿಸಿ, ಮೇಲೆ ಬೆಳ್ಳಿ ಬಣ್ಣದ ಕಾಗದ ಅಂಟಿಸಿ, ಪೆಟ್ಟಿಗೆ ತುಂಬುವುದು ನಮ್ಮ ವಿಭಾಗದ ಕೆಲಸ. ಮಾಲೀಕರು ಅಮೆರಿಕದಲ್ಲಿದ್ದಾರೆ. ನಮ್ಮ ಮಾತ್ರೆ ಕೊಳ್ಳುವವರಲ್ಲಿ ಅಲ್ಲಿನ ಸರ್ಕಾರವೂ ಸೇರಿದೆ.

ಕೆಲವು ವರ್ಷಗಳ ಹಿಂದೆ ಆ ಮಾಲೀಕರಿಗೆ ಕಾರ್ಖಾನೆಯಲ್ಲಿ ಎಲ್ಲ ಬಗೆಯ ಜನರೂ ಇರಬೇಕು ಎನ್ನಿಸಿತ್ತು. ಅದಕ್ಕೆ 'ವೈವಿಧ್ಯ ಯೋಜನೆ' ಎಂದು ಹೆಸರಿಟ್ಟರು. ಅದರಡಿ ನಮ್ಮ ಪ್ಯಾಕಿಂಗ್ ಹಾಲಿಗೆ ಒಂದು ಹುದ್ದೆ ಬಂತು. ಆ ಹುದ್ದೆಗೆ ಈ ಹುಡುಗಿ ಬಂದಳು. ಹಾಳೆಗಳಲ್ಲಿ ಒಡೆದ ಮಾತ್ರೆ, ಖಾಲಿ ಗುಳಿ ಇವೆಯೇ ಎಂದು ನೋಡಿ ತೆಗೆಯುವುದು ಆಕೆಯ ಕೆಲಸ. ಬೆಂಕಿಯ ಸೈರನ್ ಆಕೆಗೆ ಕೇಳಿಸದಾದ್ದರಿಂದ ಹಾಲಿನ ಗೋಡೆಗಳಿಗೆ ಕೆಂಪು ದೀಪ ಹಾಕಿಸಿದರು. ಸೈರನ್ ಕೂಗಿದರೆ ದೀಪ ಮಿನುಗುತ್ತಿತ್ತು. ವಾರಕ್ಕೊಮ್ಮೆ ಒಬ್ಬ ಟೀಚರ್ ಬಂದು ನಮಗೆಲ್ಲ ಕೈಭಾಷೆ ಕಲಿಸುತ್ತಿದ್ದರು.

ಕಲಿತದ್ದು ಅವಳಿಗಿಂತ ಹೆಚ್ಚಾಗಿ ನಮಗೇ ಉಪಯೋಗಕ್ಕೆ ಬಂತು. ಹಾಲಿನ ಯಂತ್ರಗಳ ಸದ್ದಿಗೆ ಎಲ್ಲರೂ ಕಿವಿಗೆ ಪ್ಲಗ್ ಹಾಕಿಕೊಂಡಿರುತ್ತೇವೆ. ಒಬ್ಬ ಒಡಿಶಾದವನು, ಒಬ್ಬಳು ಮೆದಕ್‌ನವಳು, ಒಬ್ಬ ಬಿಹಾರದವನು. ಕಿರುಚಿದರೂ ಯಾರಿಗೂ ಯಾರ ಮಾತೂ ತಲುಪುತ್ತಿರಲಿಲ್ಲ. ಕೈಭಾಷೆ ಬಂದ ಮೇಲೆ ಹಾಲಿನ ಈ ತುದಿಯಿಂದ ಆ ತುದಿಗೆ ಹರಟೆ ಶುರುವಾಯಿತು. ಟೀಚರ್ ಕಲಿಸದ ಸನ್ನೆಗಳೂ ಹುಟ್ಟಿಕೊಂಡವು. ಕೊರಳಲ್ಲಿ ಟೈ ಬಿಗಿಮಾಡಿದಂತೆ ಮಾಡಿದರೆ ಸಾಹೇಬರು ಬರುತ್ತಿದ್ದಾರೆ ಎಂದರ್ಥ.

ಇದರಲ್ಲಿ ಎಲ್ಲರಿಗಿಂತ ಪಳಗಿದವರು ನಮ್ಮ ಹಿರಿಯ ಆಪರೇಟರ್, ಹುಮನಾಬಾದ್ ಕಡೆಯವರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತೇವೆ. ಕಾಕಾ ಕೈಯಲ್ಲೇ ಜೋಕು ಹೇಳಿ ಹುಡುಗಿಯನ್ನು ನಗಿಸುತ್ತಿದ್ದರು, ಕೈಯಲ್ಲೇ ಬೈಯುತ್ತಿದ್ದರು. ಅದೇ ಕಾಕಾ ಯೋಜನೆಯ ಕಟ್ಟಾ ವಿರೋಧಿ. ಅವರ ತಂಗಿಯ ಮಗ ಐಟಿಐ ಪಾಸಾಗಿ ಇದೇ ಹುದ್ದೆಗೆ ಬಂದಿದ್ದ. ಇದು ನಿನ್ನಂಥವರಿಗಲ್ಲ ಎಂದು ಅವನನ್ನು ವಾಪಸು ಕಳಿಸಿದ್ದರು. ಅಂದಿನಿಂದ ಆತ ಗುತ್ತಿಗೆದಾರನ ಕೈಕೆಳಗೆ ಪೆಟ್ಟಿಗೆ ಹೊರುತ್ತಿದ್ದ.

ಹೊಸ ಸರ್ಕಾರ ಬಂದು, ತನ್ನ ಜೊತೆ ವ್ಯಾಪಾರ ಮಾಡುವವರು ಇಂಥ ಯೋಜನೆಗಳನ್ನು ಕೈಬಿಡಬೇಕು ಎಂದದ್ದನ್ನು ಕ್ಯಾಂಟೀನಿನ ಟಿವಿಯಲ್ಲಿ ನೋಡಿದೆವು. ಮರುದಿನ ಮಿಯಾಪುರದಿಂದ ಹೊರಟ ಕಂಪನಿ ಬಸ್ಸಿನಲ್ಲಿ ಕಾಕಾ ಸೀಟಿನಲ್ಲಿ ಕೂರಲೇ ಇಲ್ಲ.

"ತಗದ್ರಲ್ರಿ! ಅಮೆರಿಕಾದಾಗ ತಗದ್ರು!" ಎಂದು ಕಂಬಿ ಹಿಡಿದು ನಿಂತರು.

"ಏನ್ ತಗದ್ರು ಕಾಕಾ?" ಎಂದು ಕೇಳಿದವರು ಲ್ಯಾಬಿನ ಕೆಮಿಸ್ಟ್, ರಾಯಚೂರಿನ ಹೆಣ್ಣುಮಗಳು.

"ಇದs ವೈವಿಧ್ಯ. ಇನ್ನ ಎಲ್ಲಾರೂ ಒಂದs."

"ಮೊದಲs ಎಲ್ಲಾರೂ ಒಂದs ಇದ್ದಿದ್ರ ಈಕಿ ಯಾಕ ಇಲ್ಲಿ ಬರೂತನಕಾ ಇಟ್ಟಂಗಿ ಹೊರತಿದ್ಲು?"

"ಈಗ ನಮ್ಮ ಅಳಿಯ ಹೊರಾಕತ್ತಾನಲ್ಲ ಬಾಯಿ, ಅದು ಒಂದs ಆತೇನು?"

ಬಸ್ಸಿನಲ್ಲಿ ಎರಡು ಪಕ್ಷಗಳಾದವು. ಇಳಿಯುವಷ್ಟರಲ್ಲಿ ಮಾತು ಮೀಸಲಾತಿ, ಕ್ರಿಕೆಟ್ ತಂಡ, ಕೊನೆಗೆ ಬಸ್ಸಿನ ಮುಂದಿನ ಸೀಟು ಹೆಂಗಸರಿಗೇ ಏಕೆ ಎಂಬಲ್ಲಿಗೆ ಬಂದು ನಿಂತಿತ್ತು. ಮುಂದಿನ ಸೀಟಿನ ಹೆಂಗಸರು ಹಿಂದಕ್ಕೆ ತಿರುಗಿ ನೋಡಿದ್ದರಿಂದ ಅದು ಅಲ್ಲಿಗೇ ಮುಗಿಯಿತು.

ನಮ್ಮಲ್ಲಿಗೆ ಆದೇಶ ಬಂದದ್ದು ಆ ಬಳಿಕ. ಅದನ್ನು ಜಾರಿಗೆ ತರಬೇಕಾದವರು ಎಚ್‌ಆರ್ ಮೇಡಂ. ವರಂಗಲ್‌ನವರು, ಒಳ್ಳೆಯ ಹೆಂಗಸು; ಯೋಜನೆಯನ್ನು ಶುರುಮಾಡಿದವರೂ ಅವರೇ. ಅದೇ ಶ್ರದ್ಧೆಯಿಂದ ಈಗ ಕೀಳತೊಡಗಿದರು. ಕ್ಯಾಂಟೀನ್ ಗೋಡೆಯ ಮೇಲೆ ಬೇರೆ ಬೇರೆ ಬಣ್ಣದ ಕೈಗಳ ಒಂದು ಚಿತ್ರವಿತ್ತು. ಅದನ್ನು ಅಳಿಸಿದರೆ ಗೋಡೆ ಕೆಡುತ್ತದೆ, ಎಲ್ಲ ಕೈಗಳಿಗೂ ಒಂದೇ ಬಣ್ಣ ಬಳಿದರೆ ಸಾಕು ಎಂದು ತೀರ್ಮಾನವಾಯಿತು. ಯಾವ ಬಣ್ಣ ಎಂಬುದು ತೀರ್ಮಾನವಾಗಲಿಲ್ಲ. ಪೇಂಟರ್ ತನ್ನಲ್ಲಿದ್ದ ಬಿಳಿ ಬಳಿದ. ಬಿಳಿ ಕೈಗಳು ಸಾಬೂನಿನ ನೊರೆ ಮೆತ್ತಿದಂತೆ ಕಂಡವು. ಹೊಸಬರು ಅದನ್ನು ಕೈ ತೊಳೆಯುವ ಸೂಚನೆ ಎಂದುಕೊಂಡು ಅಲ್ಲಿ ನಲ್ಲಿ ಹುಡುಕುತ್ತಿದ್ದರು. ಜನ ಕೇಳಿ ಕೇಳಿ ಸಾಕಾಗಿ ಮೇಡಂ ಕೊನೆಗೆ ಅಲ್ಲೊಂದು ನಲ್ಲಿ ಹಾಕಿಸಿದರು. ಅದು ಈಗಲೂ ಇದೆ. ನೀರೂ ಬರುತ್ತದೆ.

ಕೈಭಾಷೆಯ ಟೀಚರ್ ಬರುವುದು ನಿಂತಿತು. ಸನ್ನೆ ಮಾಡಬಹುದೇ ಎಂದು ನಾನೇ ಹೋಗಿ ಮೇಡಂ ಅವರನ್ನು ಕೇಳಿದೆ. ಕ್ಲಾಸು ರದ್ದು, ಭಾಷೆ ರದ್ದಾಗಿಲ್ಲ, ಆದರೂ ಸದ್ಯಕ್ಕೆ ಬೇಡ ಎಂದರು. ಹಾಲಿನಲ್ಲಿ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ಯಾರಿಗೂ ತಿಳಿಯಲಿಲ್ಲ. ನಮ್ಮ ಗೌನಿಗೆ ಜೇಬಿಲ್ಲ. ಮಾತ್ರೆಗಳ ಹತ್ತಿರ ಜೇಬು ಇರಬಾರದು. ಕಾಕಾ ಕೆಲವು ದಿನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದರು. ಒಂದು ಸಲ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡದ್ದನ್ನು ನೋಡಿ, ಕೈ ಎತ್ತದೆ, ಹಾಲಿನ ಆ ತುದಿಯವರೆಗೆ ಓಡಿಹೋಗಿ ಹೇಳಿ ಬಂದರು. "ಗೆದ್ದೀನಿ ಖರೆ, ಮೊಣಕಾಲು ಸೋತಾವು" ಎಂದು ನನ್ನ ಬಳಿ ಗೊಣಗಿದರು.

ಆಮೇಲೆ ದೀಪಗಳನ್ನು ಕಿತ್ತರು. ಒಂದು ಗುಂಪಿಗೆ ಮಾತ್ರ ಕೊಟ್ಟ ಸೌಲಭ್ಯ ಎಂಬ ಪಟ್ಟಿಯಲ್ಲಿ ಅವು ಬಂದಿದ್ದವು. ಸೇಫ್ಟಿ ಆಫೀಸರ್ ಹಳೆಯ ಶಹರದವರು, ಮೊದಲು ಅಗ್ನಿಶಾಮಕ ದಳದಲ್ಲಿದ್ದವರು. "ಅರೇ ಮೇಡಂ, ದೀಪ ಎಲ್ಲರಿಗೂ ಕಾಣತಾವ್, ನಕ್ಕೋ ತೆಗೀರಿ" ಎಂದು ತಮ್ಮ ದಖನಿ ಬೆರೆತ ಕನ್ನಡದಲ್ಲಿ ನನ್ನ ಎದುರೇ ತೆಗೆಯಬೇಡಿ ಎಂದು ಬೇಡಿಕೊಂಡರು. ಮೇಡಂ ಪಟ್ಟಿ ತೋರಿಸಿದರು.

ಕೊನೆಗೆ ಉಳಿದದ್ದು ಹುದ್ದೆ. ಅದನ್ನು ಸಾಮಾನ್ಯ ಹುದ್ದೆಯಾಗಿ ಬದಲಾಯಿಸಿ, ಯಾರು ಬೇಕಾದರೂ ಅರ್ಜಿ ಹಾಕಬಹುದು ಎಂದರು. ಅರ್ಜಿ ಹಾಕಿದವರು ಇಬ್ಬರು: ಹುಡುಗಿ ಮತ್ತು ಕಾಕಾನ ಅಳಿಯ.

ಸಂದರ್ಶನದ ಹಿಂದಿನ ದಿನ ಹುಡುಗಿಯ ತಾಯಿ ಗೇಟಿನ ಬಳಿ ನನಗಾಗಿ ಕಾದಿದ್ದಳು. ಕಲಬುರಗಿ ಜಿಲ್ಲೆಯವಳು, ಮಿಯಾಪುರದ ಅಪಾರ್ಟ್‌ಮೆಂಟುಗಳ ಕಟ್ಟಡ ಕೆಲಸಕ್ಕೆ ಹೋಗುತ್ತಾಳೆ. ಸೀರೆಯ ಮೇಲೆ ತೊಟ್ಟ ಗಂಡಸರ ಅಂಗಿಗೆ ಸಿಮೆಂಟು ಮೆತ್ತಿತ್ತು.

"ಅಣ್ಣಾರ, ನೌಕರಿ ಹೋಗತೈತೇನ್ರಿ?"

"ಗೊತ್ತಿಲ್ಲವ್ವ. ಕೇಳ್ತಾರ, ನೋಡ್ತಾರ."

"ಹೋದ್ರ ಮತ್ತ ನನ್ನ ಕೂಡ ಕೆಲಸಕ್ಕ ಬರಬೇಕಾಗತೈತ್ರಿ. ಅಲ್ಲಿ ಟಿಪ್ಪರ್ ಹಿಂದಕ ಬರತಾವು. ಒಮ್ಮಿ ಹಂಗs ಬಂತು. ಡ್ರೈವರ ಹಾರ್ನ್ ಹೊಡದs ಹೊಡದ. ಈಕಿ ಬುಟ್ಟಿ ಹೊತ್ಕೊಂಡು ಆ ಕಡಿ ಮಾರಿ ಮಾಡಿ ನಿಂತಾಳ. ಜಡಿ ಹಿಡದು ಎಳದೀನ್ರಿ ನಾ. ಕೈಯಾಗ ಕೂದಲಾ ಬಂದ್ವು." ತನ್ನ ಮುಷ್ಟಿಯನ್ನು ತೆರೆದು ತೋರಿಸಿದಳು, ಕೂದಲು ಇನ್ನೂ ಅಲ್ಲಿರುವಂತೆ. "ದಿನಾ ಯಾರ ಎಳೀತಾರ್ರಿ?"

 

ಈಗ ಮತ್ತೆ ಆ ಸಭಾ ಕೋಣೆಗೆ ಬರುತ್ತೇನೆ. ಮೇಜಿನ ಆಚೆ ಮೂವರಿದ್ದರು: ಮಧ್ಯದಲ್ಲಿ ಕಾರ್ಖಾನೆಯ ಮುಖ್ಯಸ್ಥರು, ಬಲಕ್ಕೆ ಎಚ್‌ಆರ್ ಮೇಡಂ, ಎಡಕ್ಕೆ ಸೇಫ್ಟಿ ಆಫೀಸರ್. ಮುಖ್ಯಸ್ಥರ ಕುರ್ಚಿಯ ಹಿಂದೆ ಗೋಡೆಯ ಮೇಲೆ ಸೈರನ್‌ನ ಕೆಂಪು ಗುಂಡಿ. ಅಳಿಯನ ಮೌಖಿಕ ಪರೀಕ್ಷೆ ಮುಗಿದಿತ್ತು. ಸೈರನ್ ಕೂಗಿದರೆ ಎದ್ದು ಹೊರಗೆ ಹೋಗುತ್ತಾರೆಯೇ ಎಂದು ನೋಡುವ ಪರೀಕ್ಷೆಯನ್ನು ಇಬ್ಬರಿಗೂ ಸೇರಿಸಿ ಕೊನೆಯಲ್ಲಿ ಮಾಡುವುದಿತ್ತು. ಅಲ್ಲಿಯವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿರು, ಕರೆದಾಗ ಬಾ ಎಂದು ಅವನಿಗೆ ಹೇಳಿದ್ದರು. ನನ್ನನ್ನು ಕರೆಸಿದ್ದು ಹಾಲಿನ ಮೇಲ್ವಿಚಾರಕ ಎಂಬ ಕಾರಣಕ್ಕೆ.

ಹುಡುಗಿ ಬಂದು ಕೂತಳು. ಒಗೆದು ಇಸ್ತ್ರಿ ಮಾಡಿದ ಚೂಡಿದಾರ, ಎಣ್ಣೆ ಹಚ್ಚಿ ಬಿಗಿದ ಜಡೆ. ನನ್ನ ಕಡೆ ನೋಡಿ ಹುಬ್ಬು ಎತ್ತಿದಳು. ನಾನು ಕೈಗಳನ್ನು ಕಟ್ಟಿಕೊಂಡೆ.

ಮುಖ್ಯಸ್ಥರು ಮೊದಲ ಪ್ರಶ್ನೆಯನ್ನು ತೆಲುಗಿನಲ್ಲಿ ಕೇಳಿದರು. ಹುಡುಗಿಗೆ ತುಟಿ ನೋಡಿ ಸ್ವಲ್ಪ ತಿಳಿಯುತ್ತದೆ, ಅದೂ ಅವ್ವನ ಮಾತು ಮಾತ್ರ. ಮುಖ್ಯಸ್ಥರಿಗೆ ದಟ್ಟ ಮೀಸೆ ಬೇರೆ. ಆಕೆ ಮುಗುಳ್ನಕ್ಕಳು.

"ಅಮ್ಮಾಯಿ ಆಲೋಚಿಸ್ತೋಂದಿ ಸರ್" ಎಂದರು ಮೇಡಂ. ಹುಡುಗಿ ಯೋಚಿಸುತ್ತಿದ್ದಾಳೆ ಎಂದು.

ಕಾದೆವು. ಮುಖ್ಯಸ್ಥರು ದನಿ ತಗ್ಗಿಸಿ, ಈಕೆಗೆ ಕೇಳಿಸುವುದಿಲ್ಲ ಎಂಬುದು ನಮಗೆಲ್ಲ ಗೊತ್ತಲ್ಲ ಎಂದರು. ಯಾರ ದೇಹದ ಬಗ್ಗೆಯೂ ನಮಗೆ ಏನೂ ಗೊತ್ತಿರಬಾರದು, ಹೊಸ ನಿಯಮ ಎಂದರು ಮೇಡಂ. ಹಾಗಾದರೆ ಪ್ರಶ್ನೆಯನ್ನು ಬರೆದು ಕೊಡೋಣ ಎಂದರು ಮುಖ್ಯಸ್ಥರು. ಆ ಹುಡುಗನಿಗೆ ಬರೆದು ಕೊಡಲಿಲ್ಲವಲ್ಲ, ಅಮೆರಿಕದವರನ್ನು ಕೇಳಬೇಕಾಗುತ್ತದೆ, ಅಲ್ಲೀಗ ಎಲ್ಲರೂ ಮಲಗಿರುತ್ತಾರೆ ಎಂದರು ಮೇಡಂ. ಮಾತು ಮುಗಿಸುವಾಗ ಮೇಡಂ ಕಣ್ಣು ತುಂಬಿಕೊಂಡಿದ್ದರು. ಅದನ್ನು ನಾನು ನೋಡಿದೆ. ಅವರ ಮೇಲೆ ಸುಮ್ಮನೆ ತಪ್ಪು ಹೊರಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎರಡನೆಯ ಪ್ರಶ್ನೆಗೂ ಹುಡುಗಿ ನಕ್ಕಳು. ಮೂರನೆಯದಕ್ಕೆ ನಗಲಿಲ್ಲ. ಮೇಜಿನ ಕೆಳಗೆ ಅವಳ ಕಾಲು ಅಲುಗುತ್ತಿದ್ದದ್ದು ನಾನು ನಿಂತ ಜಾಗದಿಂದ ಕಾಣುತ್ತಿತ್ತು.

"ಚಲಿಯೇ, ಸೈರನ್ ಮಾಡ್ಕೊಂಡ್ ಬಿಡೋಣ" ಎಂದು ಸೇಫ್ಟಿ ಆಫೀಸರ್ ಎದ್ದು, ಕುರ್ಚಿಯ ಹಿಂದೆ ಹೋಗಿ, ಗುಂಡಿ ಒತ್ತಿದರು. ಅಳಿಯನನ್ನು ಒಳಗೆ ಕರೆಯುವುದನ್ನು ಮೂವರೂ ಮರೆತಿದ್ದರು.

ಇನ್ನು ಮುಂದಿನದು ಬಹಳ ಜನ ತಪ್ಪಾಗಿ ಹೇಳುವ ಭಾಗ. ಸೈರನ್ ಕೂಗಿದರೆ ಕೈಲಿದ್ದದ್ದನ್ನು ಬಿಟ್ಟು ಹೊರಗಿನ ಬಯಲಿಗೆ ಹೋಗಬೇಕು, ಅದು ಪರೀಕ್ಷೆಯೇ ಆದರೂ, ಎಂಬ ನಿಯಮ ಬರೆದವರು ಸೇಫ್ಟಿ ಆಫೀಸರೇ. ಆದ್ದರಿಂದ ಅವರು ಗುಂಡಿ ಒತ್ತಿದ ಕೈಯನ್ನು ತೆಗೆದು ಬಾಗಿಲಿನತ್ತ ನಡೆದರು. ಅವರ ಹಿಂದೆ ಮುಖ್ಯಸ್ಥರು ಎದ್ದರು. ಮೇಡಂ ಎದ್ದರು. ಆಮೇಲೆ ಹುಡುಗಿ ಎದ್ದಳು, ಕುರ್ಚಿಯನ್ನು ಮೇಜಿನೊಳಕ್ಕೆ ಸರಿಸಿಟ್ಟು ಅವರ ಹಿಂದೆ ನಡೆದಳು. ಕೊನೆಗೆ ನಾನು. ಹೊರಗಿನ ಬೆಂಚಿನ ಮೇಲೆ ಅಳಿಯ ನೆಟ್ಟಗೆ ಕೂತಿದ್ದ. ನಮಗೆ ನಮಸ್ಕಾರ ಮಾಡಿದ, ಏಳಲಿಲ್ಲ.

ಬಯಲಿನಲ್ಲಿ ಸೇರುವ ಜಾಗಕ್ಕೆ ಒಂದು ಹಸಿರು ಫಲಕವಿದೆ, ನೆರಳಿಲ್ಲ. ಐದು ಜನ ಅದರ ಕೆಳಗೆ ನಿಂತು ಪ್ಯಾಕಿಂಗ್ ಹಾಲಿನ ಬಾಗಿಲನ್ನು ನೋಡಿದೆವು. ಯಾರೂ ಬರಲಿಲ್ಲ. ಯಂತ್ರಗಳು ಓಡುತ್ತಲೇ ಇದ್ದವು. ಕೆಂಪು ದೀಪ ಬಂದ ಮೇಲೆ ಹಾಲಿನ ಜನ ಸೈರನ್‌ಗೆ ಕಿವಿ ಕೊಡುವುದನ್ನೇ ಬಿಟ್ಟಿದ್ದರು. ಪ್ಲಗ್ ಹಾಕಿದ ಕಿವಿಗೆ ಅದು ಯಂತ್ರದ ಸದ್ದಿನೊಳಗೆ ಇನ್ನೊಂದು ಸದ್ದು. ಕೇಳಿಸಿಕೊಂಡವರು ಕೆಲವರಿದ್ದರಂತೆ. ಇವತ್ತು ಆ ಹುಡುಗಿಯ ಪರೀಕ್ಷೆಯಲ್ಲವೇ, ನಾವು ಎದ್ದರೆ ಅವಳಿಗೆ ಹೇಳಿಕೊಟ್ಟಂತಾಗುತ್ತದೆ ಎಂದು ಸುಮ್ಮನಿದ್ದರಂತೆ.

ಎಲ್ಲರ ತಲೆ ಲೆಕ್ಕ ಸಿಗುವ ತನಕ ಯಾರೂ ಒಳಗೆ ಹೋಗುವಂತಿಲ್ಲ. ಸೈರನ್ ನಿಲ್ಲಿಸಬೇಕಾದರೆ ಒಳಗೆ ಹೋಗಬೇಕು. ಈ ಎರಡು ನಿಯಮಗಳ ನಡುವೆ ಬಿಸಿಲಿನಲ್ಲಿ ನಿಂತೆವು. ಸೈರನ್ ಇರುವುದು ಅದೇ ಕಟ್ಟಡದ ಮೇಲೆ, ಬಯಲಿನ ಕಡೆಗೆ ಬಾಯಿ ಮಾಡಿ. ಪಕ್ಕದವರ ಮಾತು ಪಕ್ಕದವರಿಗೆ ಕೇಳಿಸುತ್ತಿರಲಿಲ್ಲ. ಮುಖ್ಯಸ್ಥರ ಮೀಸೆ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ. ಹುಡುಗಿ ನನ್ನ ತೋಳು ತಟ್ಟಿ, ಬೆರಳುಗಳನ್ನು ಬಾಯಿಯ ಹತ್ತಿರ ತಂದು, ಊಟಕ್ಕಾ ಎಂದು ಕೇಳಿದಳು. ಇಷ್ಟು ಬೇಗ?

ಆಗ ಸಭಾ ಕೋಣೆಯ ಕಿಟಕಿಯಲ್ಲಿ ಕಾಕಾ ಕಾಣಿಸಿಕೊಂಡರು. ಹಾಲಿನಿಂದ ಆ ಕಟ್ಟಡಕ್ಕೆ ಒಳಗಿನಿಂದಲೇ ದಾರಿಯಿದೆ. ಅಳಿಯನ ಗತಿ ಏನಾಯಿತು ಎಂದು ನೋಡಲು ಬಂದಿದ್ದಾರೆ, ಕೋಣೆ ಖಾಲಿ. ಕಿವಿಯಲ್ಲಿ ಪ್ಲಗ್ ಇದ್ದೇ ಇತ್ತು. ಎರಡೂ ಅಂಗೈ ಮೇಲೆ ಮಾಡಿ, ಏನಾಗಿದೆ ಎಂದು ಕೇಳಿದರು.

ಮುಖ್ಯಸ್ಥರು ಗಾಳಿಯಲ್ಲಿ ಏನನ್ನೋ ಒತ್ತಿದರು. ಕಾಕಾ ತಲೆಯಾಡಿಸಿ ಒಳಗೆ ಹೋಗಿ ಎಸಿ ಆರಿಸಿ ಬಂದರು. ಮೇಡಂ ತಲೆ ಅಲ್ಲಾಡಿಸಿ ತಾವೂ ಒತ್ತಿ ತೋರಿಸಿದರು. ಕಾಕಾ ಲೈಟು ಆರಿಸಿದರು. ಸೇಫ್ಟಿ ಆಫೀಸರ್ ಬೆರಳನ್ನು ಸುತ್ತಿಸಿ ಸೈರನ್ ತೋರಿಸಿದರು. ಕಾಕಾ ಫ್ಯಾನು ಹಾಕಿದರು. ಹುಡುಗಿ ಮೂವರನ್ನೂ ನೋಡಿ, ನನ್ನನ್ನು ನೋಡಿದಳು. ನನ್ನ ಕೈಗಳು ತಾವಾಗಿಯೇ ಎದ್ದವು: ಸೈರನ್, ಕೂಗುತ್ತಿದೆ, ಕೆಂಪು ಗುಂಡಿ, ಕುರ್ಚಿಯ ಹಿಂದೆ. ಅವಳು ಒಂದು ಹೆಜ್ಜೆ ಮುಂದೆ ಹೋಗಿ, ಕಿಟಕಿಗೆ ಕಾಣುವಂತೆ ಕೈ ಮೇಲೆತ್ತಿ, ಅಷ್ಟನ್ನೂ ಕಾಕಾಗೆ ಹೇಳಿದಳು. ಕಾಕಾ ಒಳಗೆ ಹೋದರು. ಸೈರನ್ ನಿಂತಿತು.

ಆ ಮೌನದಲ್ಲಿ ಸೇಫ್ಟಿ ಆಫೀಸರ್ ಹೊರಗೆ ಬಂದವರ ಹೆಸರು ಬರೆದುಕೊಂಡರು. ಅಭ್ಯರ್ಥಿಗಳಲ್ಲಿ ಬಂದವಳು ಇವಳೊಬ್ಬಳೇ. ನನ್ನನ್ನು ಬಿಟ್ಟರೆ ಇಡೀ ಪಾಳಿಯಲ್ಲೂ ಇವಳೊಬ್ಬಳೇ.

"ಕೇಳಿಸಿಕೊಂಡು ಬಂದಳೋ, ನಮ್ಮನ್ನು ನೋಡಿ ಬಂದಳೋ?" ಎಂದರು ಮುಖ್ಯಸ್ಥರು.

"ಈ ಪ್ರಶ್ನೆ ಒಬ್ಬರನ್ನು ಮಾತ್ರ ಕೇಳುವಂತಿಲ್ಲ ಸರ್" ಎಂದರು ಮೇಡಂ.

"ಎಲ್ಲರನ್ನೂ ಕೇಳಿ."

"ಬೇರೆ ಯಾರೂ ಬಂದಿಲ್ಲ ಸರ್."

ಮುಖ್ಯಸ್ಥರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಆಕೆಗೆ ಕೇಳಿಸಲಿಲ್ಲ ಎಂದು ಬರೆಯಬೇಕಾದರೆ ಆಕೆಗೆ ಕೇಳಿಸುವುದಿಲ್ಲ ಎಂದು ಬರೆಯಬೇಕು. ಅದನ್ನು ಬರೆಯುವಂತಿಲ್ಲ. ಹುದ್ದೆ ಹುಡುಗಿಗೇ ಹೋಯಿತು. ಪ್ಯಾಕಿಂಗ್ ಹಾಲಿನ ಉಳಿದವರೆಲ್ಲರನ್ನೂ ಕಿವಿ ಪರೀಕ್ಷೆಗೆ ಕೋಠಿಯ ಆಸ್ಪತ್ರೆಗೆ ಬಸ್ಸಿನಲ್ಲಿ ಕಳಿಸಿದರು. ಹೊರಗೆ ಬಂದಿದ್ದರೂ ನನ್ನನ್ನೂ ಕಳಿಸಿದರು.

ಕಾಕಾನ ಸಿಟ್ಟು ನ್ಯಾಯವಾದದ್ದೇ. "ನಮ್ಮ ಅಳಿಯಗ ಪಕ್ಕದ ಮನಿ ಕುಕ್ಕರ್ ಸೀಟಿ ಹೊಡದ್ರ ಎಷ್ಟನೇದು ಅಂತ ಹೇಳತಾನ್ರಿ! ಅವಂಗ ಕಿವಿ ಕೇಳಂಗಿಲ್ಲಂತ!" ಎಂದು ಬಯಲಿನಲ್ಲೇ ಕೂಗಾಡಿದರು. ಅಳಿಯ ಪಕ್ಕದಲ್ಲಿ ನಿಂತು, "ಕರಿಯೂತನಕಾ ಕೂಡು ಅಂದಿದ್ರಲ್ರಿ ಮಾವಾ" ಎಂದ.

ಹುಡುಗಿಯ ತಾಯಿ ಮರುದಿನ ಗೇಟಿಗೆ ಬಂದು, ಜೋಳದ ರೊಟ್ಟಿ ಶೇಂಗಾ ಹಿಂಡಿ ಕಟ್ಟಿದ ಗಂಟನ್ನು ನನ್ನ ಕೈಲಿಟ್ಟು ಕೈಮುಗಿದಳು. ನನಗೆ ಅದನ್ನು ಸಂತೋಷದಿಂದ ತಿನ್ನಲಾಗಲಿಲ್ಲ. ಕಾರ್ಖಾನೆಯ ಕಾಗದದ ಪ್ರಕಾರ ಈಗ ನಮ್ಮ ಹಾಲಿನಲ್ಲಿ ಕಿವಿ ಕೇಳಿಸದವರು ಯಾರೂ ಇಲ್ಲ. ಹಾಗಾಗಿ ದೀಪ ವಾಪಸು ಬರುವುದಿಲ್ಲ. ನಾನು ಕೇಳಿದೆ, ಸೇಫ್ಟಿ ಆಫೀಸರೂ ಕೇಳಿದರು. ಯಾರಿಗಾಗಿ ಎಂದು ಹೇಳಿ ಎಂದರು ಮೇಲಿನವರು. ಹೇಳಿದರೆ ಹುದ್ದೆ ಹೋಗುತ್ತದೆ. ಅವಳು ಬಾಗಿಲಿಗೆ ಬೆನ್ನು ಮಾಡಿ, ಹಾಳೆಗಳ ಮೇಲೆ ಬಾಗಿ ನಿಂತಿರುತ್ತಾಳೆ. ಒಂದು ದಿನ ನಿಜವಾದ ಸೈರನ್ ಕೂಗಿದರೆ ಎಂಬುದೊಂದೇ ಯೋಚನೆ ನನಗೆ.

ಆ ವಾರ ಕಾಕಾ ತಮ್ಮ ಯಂತ್ರ ಬದಲಾಯಿಸಿಕೊಳ್ಳುತ್ತೇನೆ ಎಂದು ಕೇಳಿಕೊಂಡು ಬಂದರು. ಕೇಳಿದ್ದು ಹಾಲಿನ ಅತ್ಯಂತ ಹಳೆಯ, ಎಲ್ಲರೂ ಬೇಡ ಎನ್ನುವ ಯಂತ್ರವನ್ನು. ಅದು ಹುಡುಗಿಯ ಮೇಜಿಗೆ ನೇರ ಎದುರಿಗಿದೆ.

"ಯಾಕ ಕಾಕಾ?"

"ಹಂಗs."

"ನಿಮಗ ಆಕಿ ಮ್ಯಾಲ ಸಿಟ್ಟಿತ್ತಲ್ಲ?"

"ಯೋಜನಾ ಮ್ಯಾಲ ಐತ್ರಿ. ಈಗೂ ಐತಿ. ನನ್ನ ಅಳಿಯಗ ಅನ್ಯಾಯ ಆಗೈತಿ, ಎರಡ ಸಲ ಆಗೈತಿ. ಆದ್ರ ಬೆಂಕಿ ಬಿದ್ದಾಗ ಯಾರರ ಹೇಳಬೇಕಲ್ಲ ಆಕಿಗೆ. ಅದಕ್ಯಾರ ಪರ್ಮಿಷನ್ ಬೇಕು?"

ನಾನು ಯಂತ್ರ ಬದಲಾಯಿಸಿ ಕೊಟ್ಟೆ. ಕಾರಣ ಕೇಳುವ ಜಾಗದಲ್ಲಿ ಆಪರೇಟರ್ ಇಚ್ಛೆ ಎಂದು ಬರೆದೆ. ಕಾಕಾ ಬರುವ ವರ್ಷ ನಿವೃತ್ತರಾಗುತ್ತಾರೆ. ಆಮೇಲೆ ಆ ಯಂತ್ರಕ್ಕೆ ಯಾರು ಬರುತ್ತಾರೋ ನನಗೆ ಗೊತ್ತಿಲ್ಲ.

ನಾನು ಹೇಳಿದ್ದರಲ್ಲಿ ಸಂಶಯವಿದ್ದವರು ಕೇಳಬಹುದಾದವರು ಇವರು. ಮುಖ್ಯಸ್ಥರು ಇದ್ದಾರೆ, ಬೇರೆ ರಾಜ್ಯದ ಘಟಕಕ್ಕೆ ವರ್ಗವಾಗಿದ್ದಾರೆ. ಎಚ್‌ಆರ್ ಮೇಡಂ ಇದ್ದಾರೆ, ಕೆಲಸ ಬಿಟ್ಟು ವರಂಗಲ್‌ಗೆ ಹೋದರು. ಸೇಫ್ಟಿ ಆಫೀಸರ್ ಕಳೆದ ಚಳಿಗಾಲದಲ್ಲಿ ತೀರಿಕೊಂಡರು, ಅವರನ್ನು ಕೇಳುವಂತಿಲ್ಲ. ಬೆಂಚಿನ ಮೇಲೆ ಕೂತಿದ್ದ ಅಳಿಯ ಇದ್ದಾನೆ, ಈಗ ಪಕ್ಕದ ರಾಸಾಯನಿಕ ಕಾರ್ಖಾನೆಯಲ್ಲಿ ಕಾಯಂ. ಕಾಕಾ ಇದ್ದಾರೆ. ಹುಡುಗಿಯೂ ಇದ್ದಾಳೆ, ಬೆಳಗಿನ ಪಾಳಿ, ಅದೇ ಮೇಜು. ಅವಳನ್ನು ಕೇಳುವುದಾದರೆ ಎದುರಿನಿಂದ ಹೋಗಿ.